ಡಿ ಡ್ರೈವ್, ಇ ಡ್ರೈವ್ ಅಂದ್ರೆ ಬೇರೆ ಬೇರೆ ಡಿಸ್ಕ್ ಅಲ್ಲ

ಮದುವೆ ಸೀಸನ್ ಬಂತೆಂದರೆ ವಿಡಿಯೋ ಎಡಿಟರ್‌ಗಳ ಫೋನ್ ಶುರು. ಎಲ್ಲರದ್ದೂ ಒಂದೇ ದೂರು: ‘ಸಾರ್, ಟೈಮ್‌ಲೈನ್ ಸ್ಟಕ್ ಆಗ್ತಿದೆ.’ ಅಂದರೆ ಎಡಿಟ್ ಮಾಡುವಾಗ ವಿಡಿಯೋ ತಡೆತಡೆದು ಓಡುತ್ತದೆ. ಫೂಟೇಜ್ ಒಂದು ಡಿಸ್ಕ್‌ನಲ್ಲಿ, ಕ್ಯಾಶ್ ಫೈಲ್ (ಎಡಿಟಿಂಗ್ ಸಾಫ್ಟ್‌ವೇರ್ ತನ್ನ ಅನುಕೂಲಕ್ಕೆ ಬರೆದಿಟ್ಟುಕೊಳ್ಳುವ ತಾತ್ಕಾಲಿಕ ಫೈಲ್) ಇನ್ನೊಂದರಲ್ಲಿ ಇಡಿ ಅಂದಿದ್ದೆನಲ್ಲ ಎಂದರೆ, ‘ಹಂಗೇ ಇಟ್ಟಿದೀನಿ ಸಾರ್. ಡಿ ಡ್ರೈವಲ್ಲಿ ಫೂಟೇಜ್, ಇ ಡ್ರೈವಲ್ಲಿ ಕ್ಯಾಶ್’ ಅನ್ನುತ್ತಾರೆ. ನನಗೆ ರೇಗುವುದು ಅಲ್ಲೇ.

ಸಿ, ಡಿ, ಇ ಅನ್ನುವುದು ಸಾಮಾನ್ಯವಾಗಿ ಒಂದೇ ಡಿಸ್ಕ್‌ನ ಪಾಲುಗಳು. ಕಂಪ್ಯೂಟರ್ ಅಸೆಂಬಲ್ ಮಾಡುವ ಅಂಗಡಿಯವರು ಕೇಳದಿದ್ದರೂ ಪಾರ್ಟಿಷನ್ ಮಾಡಿ ಕೊಡುತ್ತಾರೆ. ವಿಂಡೋಸ್ ಕೆಟ್ಟರೆ ಸಿ ಮಾತ್ರ ಫಾರ್ಮ್ಯಾಟ್ ಮಾಡಿದರಾಯಿತು ಅನ್ನೋ ಲೆಕ್ಕ. ಅಷ್ಟರ ಮಟ್ಟಿಗೆ ಸರಿ. ಅದರಿಂದ ಸ್ಪೀಡ್ ಬರೋದಿಲ್ಲ.

ಹಾರ್ಡ್ ಡಿಸ್ಕ್ ಒಳಗೆ ತಟ್ಟೆಗಳು ಹೆಚ್ಚಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತವೆ. ಓದುವ ಹೆಡ್‌ಗಳು ಸಾಮಾನ್ಯವಾಗಿ ಒಂದೇ ತೋಳಿಗೆ ಅಂಟಿಕೊಂಡು ಒಟ್ಟಿಗೇ ಚಲಿಸುತ್ತವೆ. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಿ ಓದಲು ಶುರು ಮಾಡುವಷ್ಟರಲ್ಲಿ ಸುಮಾರು 12 ಮಿಲಿಸೆಕೆಂಡ್ ಕಳೆಯುತ್ತದೆ. ಸೆಕೆಂಡಿಗೆ 25 ಫ್ರೇಮ್ ಅಂದರೆ ಒಂದು ಫ್ರೇಮಿಗೆ ಸಿಗೋದು 40 ಮಿಲಿಸೆಕೆಂಡ್. ಮೂರು ಸಲ ಓಡಾಡಿದರೆ ಅದು ಮುಗಿದೇ ಹೋಯಿತು. ಸಾಫ್ಟ್‌ವೇರ್ ಸ್ವಲ್ಪ ಮುಂಚಿತವಾಗಿ ಓದಿಟ್ಟುಕೊಳ್ಳುತ್ತದೆ, ನಿಜ. ಆದರೆ ನಾಲ್ಕು ಕ್ಯಾಮೆರಾದ ಮುಹೂರ್ತ ಓದುತ್ತಾ, ಅದರ ಜೊತೆಗೇ ಕ್ಯಾಶ್ ಬರೆಯುತ್ತಾ ಇದ್ದರೆ ಅದೂ ಸಾಲುವುದಿಲ್ಲ. ಮೇಲಾಗಿ ಡಿ ತಟ್ಟೆಯ ಒಂದು ಕಡೆ, ಇ ಇನ್ನೊಂದು ಕಡೆ. ಪಾರ್ಟಿಷನ್ ಮಾಡಿ ನೀವು ತೋಳಿನ ಓಡಾಟ ಜಾಸ್ತಿಯೇ ಮಾಡಿದ್ರಿ, ಅಲ್ವಾ?

‘ನನ್ನ ಡಿಸ್ಕ್ 150 ಎಂಬಿ ಸ್ಪೀಡ್ ತೋರಿಸ್ತಿದೆ, 100 ಮೆಗಾಬಿಟ್‌ನ ನಾಲ್ಕು ಕ್ಯಾಮೆರಾಕ್ಕೆ 50 ಎಂಬಿ ಸಾಕಲ್ವಾ’ ಅಂತ ಲೆಕ್ಕ ಹಾಕಿ ಕೇಳುವವರೂ ಇದ್ದಾರೆ. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ ಲೆಕ್ಕ ಸರಿ. ಆದರೆ ಆ 150, ಒಂದೇ ದೊಡ್ಡ ಫೈಲನ್ನು ಸಾಲಾಗಿ ಓದಿದಾಗ ಬರುವುದು. ತೋಳು ಓಡಾಡತೊಡಗಿದರೆ ಅಷ್ಟು ಸಿಗೋದಿಲ್ಲ.

ಅನುಮಾನವಿದ್ದರೆ ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್ ನೋಡಿ. ‘ಡಿಸ್ಕ್ 0’ ಅಂತ ಇರುವ ಕಡೆ ಸಿ, ಡಿ, ಇ ಮೂರೂ ಒಟ್ಟಿಗೆ ಕಂಡರೆ ನಿಮ್ಮ ಹತ್ತಿರ ಇರೋದು ಒಂದೇ ಡಿಸ್ಕ್. ತುಮಕೂರು ಕಡೆಯ ಸ್ಟುಡಿಯೋ ಹುಡುಗನೊಬ್ಬ ಡಿ ಡ್ರೈವಿಗೆ ಲಕ್ಷ್ಮಿ, ಇ ಡ್ರೈವಿಗೆ ಸರಸ್ವತಿ ಅಂತ ಹೆಸರಿಟ್ಟಿದ್ದ. ಇದನ್ನು ತೋರಿಸಿದಾಗ, ‘ಇಬ್ರೂ ಒಂದೇ ಮನೇಲಿದ್ರೆ ಎಲ್ಲಿ ಉದ್ಧಾರ ಬಿಡಿ ಸಾರ್’ ಅಂತ ನಕ್ಕ. ಅರ್ಥವಾಗಿತ್ತು.

ಈಗ ನಡೆಯುತ್ತಿರುವ ಕೆಲಸದ ಫೂಟೇಜ್ ಮತ್ತು ಕ್ಯಾಶ್ ಎಸ್‌ಎಸ್‌ಡಿಯಲ್ಲಿರಲಿ, ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಉಳಿಸುವ ಡಿಸ್ಕ್‌ನಲ್ಲಿ. ಅದರಲ್ಲಿ ಓಡಾಡುವ ತೋಳೇ ಇಲ್ಲ, ಎರಡೂ ಒಂದರಲ್ಲೇ ಇದ್ದರೂ ಸಾಮಾನ್ಯವಾಗಿ ನಡೆಯುತ್ತದೆ. ಪೂರ್ತಿ ತುಂಬಿಸಬೇಡಿ, ಅಗ್ಗದ ಎಸ್‌ಎಸ್‌ಡಿಗಳು ತುಂಬಿದಂತೆ ಬರೆಯುವಾಗ ಸುಸ್ತಾಗುತ್ತವೆ. ಮುಗಿದ ಮದುವೆಗಳು ಹಾರ್ಡ್ ಡಿಸ್ಕ್‌ಗೆ ಹೋಗಲಿ, ಎರಡು ಕಾಪಿ. ಎರಡು ಹಾರ್ಡ್ ಡಿಸ್ಕ್ ಸೇರಿಸಿ ರೇಡ್ 0 (ಪ್ರತಿ ಫೈಲನ್ನೂ ಎರಡಕ್ಕೂ ಹಂಚಿ ಬರೆಯುವ ವ್ಯವಸ್ಥೆ) ಮಾಡಿದರೆ ವೇಗ ಬರುತ್ತದೆ, ಆದರೆ ಒಂದು ಹೋದರೆ ಎಲ್ಲವೂ ಹೋಯಿತು. ಎಕ್ಸ್‌ಟರ್ನಲ್ ಡಿಸ್ಕನ್ನು ಹಳೆಯ ಯುಎಸ್‌ಬಿ 2.0 ಪೋರ್ಟಿಗೆ ಚುಚ್ಚಿದರೆ ಸಿಗೋದು ಹೆಚ್ಚೆಂದರೆ 40 ಎಂಬಿ. ಮೇಲಿನ ನಾಲ್ಕು ಕ್ಯಾಮೆರಾಕ್ಕೇ ಸಾಲದು.

ಇನ್ನೊಂದು ಮಾತು. ಸ್ಟಕ್ ಆಗುವಾಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಆರಾಮಾಗಿದ್ದು ಪ್ರೊಸೆಸರ್ 100ಕ್ಕೆ ಹೋಗಿದ್ದರೆ, ಸುಮ್ನೆ ಡಿಸ್ಕ್‌ಗೆ ದುಡ್ಡು ಹಾಕಬೇಡಿ. 10 ಬಿಟ್ ಫೂಟೇಜ್‌ನಲ್ಲಿ (ಬಣ್ಣದ ವಿವರ ಹೆಚ್ಚಿರುವ ವಿಡಿಯೋ) ಹೀಗಾಗುವುದು ಹೆಚ್ಚು. ಪ್ರಾಕ್ಸಿ, ಅಂದರೆ ಫೂಟೇಜ್‌ನ ಹಗುರವಾದ ನಕಲು, ಮಾಡಿಕೊಂಡು ಎಡಿಟ್ ಮಾಡಿ ನೋಡಿ.

ಹೊಸ ಎಸ್‌ಎಸ್‌ಡಿ ಹಾಕಿದ ಮೇಲೆ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನ ಪ್ರಿಫರೆನ್ಸಸ್‌ನಲ್ಲಿ ಮೀಡಿಯಾ ಕ್ಯಾಶ್‌ಗೆ ಹೋಗಿ ಜಾಗ ಬದಲಿಸಿ. ನೀವು ಹೇಳದಿದ್ದರೆ ಅದು ಸಿ ಡ್ರೈವ್‌ನಲ್ಲೇ ಬರೆಯುತ್ತಿರುತ್ತದೆ. ಇದನ್ನು ಮರೆತು, ‘ಏನೂ ಫರಕ್ ಇಲ್ಲ, ಡೂಪ್ಲಿಕೇಟ್ ಮಾಲು ಕೊಟ್ಟಿದ್ದೀರಿ’ ಅಂತ ಬೆಂಗಳೂರಿನ ಎಸ್‌.ಪಿ. ರೋಡ್ ಕಂಪ್ಯೂಟರ್ ಅಂಗಡಿಗೆ ಹೋಗಿ ಜಗಳ ಆಡಿ ಬಂದವರಿದ್ದಾರೆ.