ಎನ್‌ಎಂಆರ್‌ಗೆ ಆಮ್ಲಜನಕ ಒಗ್ಗಲು ಇಷ್ಟು ಕಾಲ ಹಿಡಿದದ್ದೇಕೆ?

ಪ್ರೋಟೀನಿನ ಮಡಿಕೆಗಳನ್ನು ಹಿಡಿದಿಡುವ ಹೈಡ್ರೋಜನ್ ಬಂಧದಲ್ಲಿ, ಕಿಣ್ವದೊಳಗಿನ ನೀರಿನಲ್ಲಿ, ಲೋಹದ ಅಯಾನನ್ನು ಹಿಡಿಯುವ ಕಾರ್ಬಾಕ್ಸಿಲ್ ಗುಂಪಿನಲ್ಲಿ ಆಮ್ಲಜನಕವಿದೆ. ಆದರೂ ಜೈವಿಕ ಅಣುಗಳನ್ನು ಘನಸ್ಥಿತಿಯ ಎನ್‌ಎಂಆರ್‌ನಿಂದ (ಕಾಂತಕ್ಷೇತ್ರದಲ್ಲಿಟ್ಟ ಪರಮಾಣು ಬೀಜಗಳ ರೇಡಿಯೋ ಸಂಕೇತವನ್ನು ಓದುವ ವಿಧಾನದಿಂದ) ಪರೀಕ್ಷಿಸುವವರು ದಶಕಗಳ ಕಾಲ ಕಾರ್ಬನ್, ನೈಟ್ರೋಜನ್‌ಗಳನ್ನೇ ನೋಡಿ, ಪಕ್ಕದ ಆಮ್ಲಜನಕದ ಸ್ಥಿತಿಯನ್ನು ಹೆಚ್ಚಾಗಿ ಊಹಿಸಿಕೊಂಡೇ ಬಂದರು.

ತೊಡಕಿನ ಮೂಲ ಪರಮಾಣುವಿನ ಬೀಜದಲ್ಲಿದೆ. ಬೀಜವು ಪುಟ್ಟ ಕಾಂತದಂತೆ ವರ್ತಿಸಿ ಸಂಕೇತ ಕೊಡಲು ಬೇಕಾದ ಸ್ಪಿನ್ ಎಂಬ ಗುಣ ಸಾಮಾನ್ಯ ಆಮ್ಲಜನಕ-16ಕ್ಕೆ ಇಲ್ಲ. ಸ್ಪಿನ್ ಇರುವ ಏಕೈಕ ಸ್ಥಿರ ಐಸೋಟೋಪ್ ಆಮ್ಲಜನಕ-17; ಅದು ನಿಸರ್ಗದಲ್ಲಿ ಶೇ. 0.04ರಷ್ಟೂ ಇಲ್ಲ, ಅದರ ಅನುರಣನ ಆವರ್ತನವೂ ಪ್ರೋಟಾನಿನದರ ಏಳನೇ ಒಂದು ಭಾಗದಷ್ಟೇ. ಇದು ಸಾಲದೆಂಬಂತೆ, ಸ್ಪಿನ್ 5/2 ಇರುವ ಈ ಬೀಜದಲ್ಲಿ ವಿದ್ಯುದಾವೇಶ ಗೋಳಾಕಾರವಾಗಿ ಹಂಚಿಕೊಂಡಿಲ್ಲವಾದ್ದರಿಂದ, ಕ್ವಾಡ್ರುಪೋಲ್ ಪರಿಣಾಮ ಸಂಕೇತವನ್ನು ಅಗಲವಾಗಿ ಹರಡಿಬಿಡುತ್ತದೆ.

1951ರಲ್ಲಿ ಆಮ್ಲಜನಕ-17ರ ಮೊದಲ ಸಂಕೇತ ಸಿಕ್ಕಿತು. 1950ರ ದಶಕದ ಕೊನೆಗೆ ಬಂದ, ಮಾದರಿಯನ್ನು 54.7 ಡಿಗ್ರಿ ಓರೆಯಲ್ಲಿ ತಿರುಗಿಸುವ ತಂತ್ರ ಸಂಕೇತದ ಹರಡಿಕೆಯನ್ನು ಕುಗ್ಗಿಸಿ ಇತರ ಬೀಜಗಳಿಗೆ ವರವಾಯಿತು. ಆಮ್ಲಜನಕದ ಹರಡಿಕೆಯಲ್ಲಿ ಮಾತ್ರ ಒಂದು ಭಾಗ ಉಳಿದೇ ಹೋಯಿತು. ಅದನ್ನೂ ನಿವಾರಿಸಲು 1980ರ ದಶಕದ ಕೊನೆಯಲ್ಲಿ ಎರಡು ಕೋನಗಳಲ್ಲಿ ತಿರುಗಿಸುವ ಉಪಕರಣಗಳು ಬಂದವು. 1995ರಲ್ಲಿ ಫ್ರಿಡ್‌ಮನ್ ಮತ್ತು ಹಾರ್‌ವುಡ್ ಮಂಡಿಸಿದ ಬಹುಕ್ವಾಂಟಮ್ ವಿಧಾನ ವಿಶೇಷ ಯಂತ್ರವಿಲ್ಲದೆಯೇ ಅದೇ ಫಲ ನೀಡಿತು. ಖನಿಜ ಮತ್ತು ಗಾಜಿನ ಅಧ್ಯಯನಕ್ಕೆ ಇದು ದೊಡ್ಡ ಬಲ. ಆದರೆ ಪೆಪ್ಟೈಡಿನ (ಅಮೈನೋ ಆಮ್ಲಗಳ ಸಣ್ಣ ಸರಪಳಿಯ) ಕಾರ್ಬೊನಿಲ್ ಗುಂಪಿನಲ್ಲಿ, ಆ ಪರಿಣಾಮದ ಬಲವನ್ನು ಹೇಳುವ ಕ್ವಾಡ್ರುಪೋಲ್ ಸ್ಥಿರಾಂಕ ಸುಮಾರು 8 ಮೆಗಾಹರ್ಟ್ಸ್‌ನಷ್ಟಿರುವುದರಿಂದ ಈ ವಿಧಾನದ ದಕ್ಷತೆ ಅಲ್ಲಿ ಕುಸಿಯುತ್ತದೆ.

ಆಗ ಎಲ್ಲರ ಕಣ್ಣು ಕಾಂತಕ್ಷೇತ್ರದತ್ತ ಹೊರಳಿತು. ಲೆಕ್ಕಾಚಾರ ಸರಳವಾಗಿತ್ತು: ಪಿಪಿಎಮ್ (ದಶಲಕ್ಷದಲ್ಲಿ ಎಷ್ಟು ಭಾಗ ಎಂಬ) ಮಾಪನದಲ್ಲಿ ಉಳಿದ ಹರಡಿಕೆ ಕ್ಷೇತ್ರಬಲದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ, ಅಂದರೆ ಕ್ಷೇತ್ರ ಇಮ್ಮಡಿಯಾದರೆ ಹರಡಿಕೆ ಕಾಲುಭಾಗಕ್ಕೆ ಇಳಿಯುತ್ತದೆ. ಅಮೆರಿಕದ ಟಲಹಾಸಿಯಲ್ಲಿರುವ ಪ್ರಯೋಗಾಲಯದ 35.2 ಟೆಸ್ಲಾ ಕಾಂತ, ಅತಿವಾಹಕ ಸುರುಳಿಯೊಳಗೆ ಸಾಮಾನ್ಯ ವಾಹಕದ ಸುರುಳಿಯನ್ನು ಕೂಡಿಸಿ, ಈ ಆಸೆಯನ್ನು ನಿಜಮಾಡಿತು. ಅದರ ನೆರವಿನಿಂದ 2020ರಲ್ಲಿ ಪ್ರಕಟವಾದ, ಜೀವಕೋಶದ ಪೊರೆಯಲ್ಲಿ ಕೊಳವೆ ರೂಪಿಸುವ ಗ್ರಾಮಿಸಿಡಿನ್ ಎಂಬ ಪೆಪ್ಟೈಡಿನ ಅಧ್ಯಯನ ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯುತ್ತಮ ಸಾಕ್ಷಿ. ಎರಡು ಸಮಾನ ಅಣುಗಳು ಸೇರಿ ರೂಪಿಸುವ ಈ ಕೊಳವೆಯಲ್ಲಿ, ಗುರುತು ಹಾಕಿದ (ಅಂದರೆ ಆಮ್ಲಜನಕ-17ನ್ನು ಕೂರಿಸಿದ) ಒಂದೇ ಬಗೆಯ ಆಮ್ಲಜನಕದಿಂದ ಎರಡು ಸಂಕೇತಗಳು ಬಂದವು; ಒಳಗಿನ ನೀರಿನ ಸಾಲು ಎರಡು ಅರ್ಧಗಳ ಸಮತೆಯನ್ನು ಮುರಿಯುತ್ತಿತ್ತು. ಕಾರ್ಬನ್ ನೋಡಿ ಇದನ್ನು ಊಹಿಸುವುದು ಸುಲಭವಿರಲಿಲ್ಲ.

ಇಂಥ ಕಾಂತದ ಕೆಲಸದ ವೇಳೆ ಸಿಗುವುದು ಕೆಲವರಿಗೆ ಮಾತ್ರ. ಅದು ವಿದ್ಯುತ್ತನ್ನು ಮೆಗಾವ್ಯಾಟ್‌ಗಳಲ್ಲಿ ಬೇಡುತ್ತದೆ. ಆದರೆ ಗುರುತು ಹಾಕುವ ರಸಾಯನಶಾಸ್ತ್ರ ಎಲ್ಲರಿಗೂ ಬೇಕಾದದ್ದು, ಅದಕ್ಕೆ ಉಪಕರಣಗಳಷ್ಟು ಗಮನ ಮಾತ್ರ ಸಿಗಲಿಲ್ಲ. ದುಬಾರಿಯಾದ ಆಮ್ಲಜನಕ-17ರ ನೀರಿನಲ್ಲಿ ಅಮೈನೋ ಆಮ್ಲವನ್ನು ಆಮ್ಲದೊಡನೆ ಕಾಯಿಸುವ ಹಳೆಯ ಕ್ರಮದಲ್ಲಿ ಬಹುಪಾಲು ಐಸೋಟೋಪ್ ಅಣುವಿಗೆ ಸೇರದೆ ನೀರಿನಲ್ಲೇ ಉಳಿಯುತ್ತದೆ. ಫ್ರಾನ್ಸಿನ ಮಾಂಪೆಲಿಯೇ ತಂಡ ತೋರಿಸಿಕೊಟ್ಟ, ಗುಂಡುಗಳಿಂದ ಅರೆಯುವ ಯಂತ್ರದಲ್ಲಿ ಕೆಲವೇ ಮೈಕ್ರೋಲೀಟರ್ ನೀರಿನಿಂದ ಕಾರ್ಬಾಕ್ಸಿಲ್ ಗುಂಪಿಗೆ ಗುರುತು ಸೇರಿಸುವ ಮಾರ್ಗ ಈ ವ್ಯರ್ಥವನ್ನು ಬಹಳಷ್ಟು ತಪ್ಪಿಸಿದೆ.

ಸುಮಾರು 100 ಕೆಲ್ವಿನ್‌ಗೆ ತಣಿಸಿ ಎಲೆಕ್ಟ್ರಾನಿನ ಧ್ರುವೀಕರಣವನ್ನು (ಸ್ಪಿನ್‌ಗಳು ಒಂದೇ ದಿಕ್ಕಿಗೆ ವಾಲುವುದನ್ನು) ಬೀಜಗಳಿಗೆ ದಾಟಿಸುವ ಡಿಎನ್‌ಪಿ ಎಂಬ ತಂತ್ರವು ಸಂಕೇತವನ್ನು ಬಲಪಡಿಸುತ್ತದಾದರೂ, ಗುರುತು ಸರಿಯಾದ ಜಾಗದಲ್ಲಿಲ್ಲದಿದ್ದರೆ ಬಲಪಡಿಸಲು ಅಲ್ಲಿ ಹೆಚ್ಚೇನೂ ಇರುವುದಿಲ್ಲ. ಸಣ್ಣ ಪೆಪ್ಟೈಡಿನಲ್ಲಿ ಬೇಕಾದ ಒಂದು ಜಾಗವನ್ನು ಆರಿಸಿ ಗುರುತಿಸುವುದು ಈಗ ಸಾಧ್ಯ. ದೊಡ್ಡ ಪ್ರೋಟೀನುಗಳಲ್ಲಿ ಆ ಆಯ್ಕೆ ಇನ್ನೂ ಕಷ್ಟವಾಗಿಯೇ ಉಳಿದಿದೆ.