ಟಿಡಿಎಸ್ ಕಮ್ಮಿ ಇದ್ದರೆ ಸಾಕಾ?

"ಟಿಡಿಎಸ್ ಬರೀ 60 ಇದೆ ಸರ್, ಮತ್ತೆ ಟೆಸ್ಟ್ ಯಾಕೆ?" ನೀರು ಪರೀಕ್ಷೆ ಮಾಡುವ ನನ್ನಂಥವರಿಗೆ ಕೊಡಗಿನ ತೋಟದ ಮನೆಗಳಲ್ಲಿ ಈ ಪ್ರಶ್ನೆ ತಪ್ಪಿದ್ದಲ್ಲ. ಕೇಳುವುದರಲ್ಲಿ ತಪ್ಪೇನಿಲ್ಲ. ಟಿಡಿಎಸ್ ಎಂದರೆ ಒಂದು ಲೀಟರ್ ನೀರಿನಲ್ಲಿ ಕರಗಿರುವುದೆಲ್ಲ ಸೇರಿ ಒಟ್ಟು ಎಷ್ಟು ಮಿಲಿಗ್ರಾಂ ಎಂಬ ಲೆಕ್ಕ. ಅದನ್ನು ಅಳೆಯುವ, ಜೇಬಿನಲ್ಲಿಟ್ಟುಕೊಳ್ಳುವ ಮೀಟರ್ ಈಗ ಎಲ್ಲರ ಮನೆಯಲ್ಲೂ ಇದೆ. ಆದರೆ ಅದು ನೋಡುವುದು ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದನ್ನು ಮಾತ್ರ. ಅದರಿಂದ ಕರಗಿದ್ದು ಒಟ್ಟು ಎಷ್ಟು ಎಂದು ಅಂದಾಜು ಹೇಳುತ್ತದೆ. ಕರಗಿರುವುದು ಏನು ಎಂದು ಅದಕ್ಕೆ ಗೊತ್ತಿಲ್ಲ. ಕುಡಿಯುವ ನೀರಿಗಿರುವ ಭಾರತೀಯ ಮಾನಕ ಐಎಸ್ 10500 ಪ್ರಕಾರ ಕಬ್ಬಿಣ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು. ನಿಮ್ಮ ಬೋರ್‌ವೆಲ್‌ನಲ್ಲಿ 3 ಇದ್ದರೂ ಮೀಟರ್ 60ರ ಆಸುಪಾಸಲ್ಲೇ ತೋರಿಸುತ್ತದೆ.

ನಮ್ಮ ನೀರಿನ ಸ್ವಭಾವವೇ ಬೇರೆ. ಮಳೆ ಜಾಸ್ತಿ. ಕೆಳಗಿನ ಕಲ್ಲಿನಲ್ಲಿ ಸುಣ್ಣದ ಅಂಶ ಕಮ್ಮಿ. ಎಲೆ ಕೊಳೆತ ಮಣ್ಣಿನಲ್ಲಿ ಇಳಿಯುವಾಗ ನೀರು ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಹುಳಿಯಾಗುತ್ತದೆ. ತೋಟದ ಮಣ್ಣಿನ ಪಿಎಚ್ (ಹುಳಿಯ ಅಳತೆ, ಅಂಕಿ 7ಕ್ಕಿಂತ ಇಳಿದಷ್ಟೂ ಹುಳಿ ಜಾಸ್ತಿ) ನೋಡಿಸಿ ಸುಣ್ಣ ಹಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಬಾವಿಗೆ ಬರುವುದೂ ಅದೇ ಮಣ್ಣಿನಿಂದ ಇಳಿದ ನೀರು. ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರೊಳಗೆ ಇರಬೇಕು. ಅದಕ್ಕಿಂತ ಕೆಳಗಿಳಿದರೆ ನೀರು ಪೈಪು, ನಲ್ಲಿಯನ್ನೇ ತಿನ್ನತೊಡಗುತ್ತದೆ. ವಾಶ್ ಬೇಸಿನ್‌ನಲ್ಲಿ ನೀರು ತೊಟ್ಟಿಕ್ಕುವ ಜಾಗದಲ್ಲಿ ಹಸಿರು-ನೀಲಿ ಕಲೆ ಕಂಡರೆ ಅದು ತಾಮ್ರ. ಹಳೆಯ ಹಿತ್ತಾಳೆ ನಲ್ಲಿಯಿಂದ ಸೀಸವೂ ಬರಬಹುದು. ಹುಳಿ ನೀರನ್ನು ರಾತ್ರಿಯಿಡೀ ತಾಮ್ರದ ಚೊಂಬಿನಲ್ಲಿಟ್ಟು ಬೆಳಿಗ್ಗೆ ಕುಡಿಯುವ ಅಭ್ಯಾಸ ನನಗಂತೂ ಇಷ್ಟವಿಲ್ಲ.

ಕಬ್ಬಿಣದ ವಿಷಯದಲ್ಲಿ ಕಣ್ಣೇ ಅರ್ಧ ಪರೀಕ್ಷೆ ಮಾಡುತ್ತದೆ. ಬೋರ್‌ನಿಂದ ಬರುವಾಗ ನೀರು ತಿಳಿಯಾಗಿಯೇ ಇರುತ್ತದೆ, ಯಾಕಂದರೆ ನೆಲದೊಳಗೆ ಗಾಳಿ ಸಿಗದೆ ಕಬ್ಬಿಣ ಕರಗಿಕೊಂಡೇ ಇರುತ್ತದೆ. ಬಿಳಿ ಬಕೆಟ್‌ನಲ್ಲಿ ಹಿಡಿದಿಟ್ಟು ಸಂಜೆ ನೋಡಿ. ತಳದಲ್ಲಿ ಕೆಂಪು-ಹಳದಿ ಗಸಿ ಕೂತಿರುತ್ತದೆ. ಆ ನೀರಲ್ಲಿ ಚಹಾ ಮಾಡಿದರೆ ಕಪ್ಪಗಾಗುತ್ತದೆ. ಮೇಲೆ ಎಣ್ಣೆಯಂಥ ಪೊರೆ ಕಟ್ಟಿದರೆ ಪಂಪಿನ ಆಯಿಲ್ ಸೋರಿದೆ ಎಂದು ಗಾಬರಿ ಬೀಳಬೇಡಿ. ಕಡ್ಡಿಯಿಂದ ಕೆದಕಿ. ಚೂರು ಚೂರಾಗಿ ಒಡೆದರೆ ಕಬ್ಬಿಣದ ಪೊರೆ, ತಿರುಗಿ ಕೂಡಿಕೊಂಡರೆ ಎಣ್ಣೆ.

ಕಬ್ಬಿಣ ಹೆಚ್ಚಾಗಿ ರುಚಿ, ಬಣ್ಣ, ಬಟ್ಟೆಯ ತೊಂದರೆ. ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಅದರ ಜೊತೆಗೇ ಬರುವ ಮ್ಯಾಂಗನೀಸ್ ಬಗ್ಗೆ. ಮಿತಿ 0.1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 0.3. ಜಾಸ್ತಿಯಾದರೆ ಎಳೆ ಮಕ್ಕಳ ಮಿದುಳಿನ ಬೆಳವಣಿಗೆಗೆ ಒಳ್ಳೆಯದಲ್ಲ. ಫ್ಲಶ್ ಟ್ಯಾಂಕಿನ ಒಳಗೆ ಮಸಿಯಂಥ ಕಪ್ಪು ಕಂಡರೆ ಇದನ್ನು ತಪ್ಪದೆ ನೋಡಿಸಿ.

ಕೋಲಾರ, ಪಾವಗಡದ ಕಡೆ ಫ್ಲೋರೈಡ್ ದೊಡ್ಡ ತಲೆನೋವು. ಇಲ್ಲಿ ಆ ಮಟ್ಟದ್ದಲ್ಲ. ಆದರೂ ಹೊಸದಾಗಿ ಆಳದ ಬೋರ್ ಕೊರೆಸಿದವರು ಫ್ಲೋರೈಡ್, ಆರ್ಸೆನಿಕ್, ಯುರೇನಿಯಂ ಮೂರನ್ನೂ ಒಮ್ಮೆ ನೋಡಿಸಿಬಿಡಿ. ಇವಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಸ್ಯಾಂಪಲ್ ಹಿಡಿಯುವುದರಲ್ಲೇ ಅರ್ಧ ಕೆಲಸ ಕೆಡುತ್ತದೆ. ಓವರ್‌ಹೆಡ್ ಟ್ಯಾಂಕಿನ ನೀರು ತರಬೇಡಿ. ಕಬ್ಬಿಣ ಅಲ್ಲೇ ತಳ ಸೇರಿರುತ್ತದೆ, ರಿಪೋರ್ಟ್ ಸುಮ್ನೆ ಚೆನ್ನಾಗಿ ಬರುತ್ತದೆ. ಪಂಪ್ ಹಾಕಿ ಹತ್ತು ನಿಮಿಷ ಬಿಟ್ಟು, ಬೋರ್‌ನ ಬಾಯಿಯಲ್ಲೇ ಹಿಡಿಯಿರಿ. ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆದು, ಗಾಳಿ ಉಳಿಯದಂತೆ ಕಂಠದವರೆಗೆ ತುಂಬಿ. ಲೋಹಗಳ ಪರೀಕ್ಷೆಗೆ ಬೇರೆ ಬಾಟಲಿ ಬೇಕು. ಲ್ಯಾಬ್‌ನವರು ಅದಕ್ಕೆ ನೈಟ್ರಿಕ್ ಆಸಿಡ್ ಹಾಕಿ ಕೊಡುತ್ತಾರೆ, ಅದನ್ನು ಮಾತ್ರ ತೊಳೆಯಬೇಡಿ. ಆಸಿಡ್ ಇಲ್ಲದಿದ್ದರೆ ಕಬ್ಬಿಣ ಬಾಟಲಿಯ ಗೋಡೆಗೆ ಅಂಟಿಕೊಳ್ಳುತ್ತದೆ. ಪಿಎಚ್ ಅನ್ನು ಸ್ಥಳದಲ್ಲೇ ನೋಡಬೇಕು. ದಾರಿಯಲ್ಲಿ ಅನಿಲ ಹೊರಟುಹೋಗಿ ಅಂಕಿ ಏರುತ್ತದೆ. ತಾಮ್ರ, ಸೀಸದ ಅನುಮಾನ ಇದ್ದರೆ ಮಾತ್ರ ಉಲ್ಟಾ: ಬೆಳಿಗ್ಗೆ ಅಡುಗೆಮನೆ ನಲ್ಲಿಯಿಂದ ಬೀಳುವ ಮೊದಲ ನೀರೇ ಬೇಕು.

ಒಳ್ಳೆ ಸಮಯ ಎಂದರೆ ಕಾಫಿ ಹೂ ಬಿಡಲು ಬೇಕಾದ ಹೂಮಳೆಗೆ ಕಾದು ಸ್ಪ್ರಿಂಕ್ಲರ್ ಓಡಿಸುವ ಫೆಬ್ರವರಿ-ಮಾರ್ಚ್, ನೀರು ಕೆಳಗಿಳಿದಿರುತ್ತದೆ. ಮಳೆಗಾಲ ಮುಗಿದ ಮೇಲೆ ಇನ್ನೊಂದು ಸಲ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬ್‌ನಲ್ಲಿ ಕಮ್ಮಿ ದರಕ್ಕೆ ಆಗುತ್ತದೆ. ಲೋಹಗಳನ್ನು ನೋಡುತ್ತಾರಾ ಎಂದು ಮೊದಲೇ ಕೇಳಿಕೊಳ್ಳಿ.

ಇನ್ನು ಮನೆಬಾಗಿಲಿಗೆ ಬರುವ ಫಿಲ್ಟರ್ ಮಾರಾಟದವರು. ಎರಡು ಲೋಟಕ್ಕೆ ಕಡ್ಡಿ ಇಳಿಸಿ ಕರೆಂಟ್ ಕೊಡುತ್ತಾರೆ. ನಿಮ್ಮ ನೀರು ಕಂದಾಗುತ್ತದೆ, ಆರ್‌ಒ ನೀರು ತಿಳಿಯಾಗೇ ಉಳಿಯುತ್ತದೆ. ಆ ಕಂದು ಬರುವುದು ಕರೆಂಟ್ ಹರಿದಾಗ ಕರಗುವ ಕಡ್ಡಿಯ ಕಬ್ಬಿಣದಿಂದ. ಆರ್‌ಒ ನೀರಲ್ಲಿ ಲವಣ ತೀರಾ ಕಮ್ಮಿ, ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಅವರ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಲು ಹೇಳಿ, ಅದೂ ಕಂದಾಗುತ್ತದೆ. 60 ಟಿಡಿಎಸ್ ನೀರಿಗೆ ಸುಮ್ಮನೆ ಆರ್‌ಒ ಹಾಕುವುದು ದುಡ್ಡು ದಂಡ. ಪಿಎಚ್ ಇನ್ನೂ ಇಳಿಯುತ್ತದೆ, ಕಬ್ಬಿಣ ಇದ್ದರೆ ಅದರ ಮೆಂಬ್ರೇನ್ (ನೀರು ಸೋಸುವ ಪೊರೆ) ಬೇಗ ಕಟ್ಟಿಕೊಳ್ಳುತ್ತದೆ. ಕುದಿಸಿದರೂ ಖನಿಜ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಕಬ್ಬಿಣಕ್ಕೆ ನೀರನ್ನು ಗಾಳಿಯಾಡಿಸಿ ಮರಳಿನಲ್ಲಿ ಸೋಸಿದರೆ ಎಷ್ಟೋ ಮನೆಗಳಿಗೆ ಸಾಕು. ಹುಳಿಗೆ ಸುಣ್ಣಕಲ್ಲಿನ ಹರಳು ತುಂಬಿದ ಫಿಲ್ಟರ್ ಇದೆ. ಹರಳು ಕರಗುತ್ತಾ ಹೋಗುವುದರಿಂದ ಆಗಾಗ ತುಂಬಬೇಕು. ಮ್ಯಾಂಗನೀಸ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಅದಕ್ಕೆ ಫಿಲ್ಟರ್ ಒಳಗೆ ತುಂಬುವ ವಸ್ತುವೇ (ಮೀಡಿಯಾ) ಬೇರೆ ಬೇಕು. ಯಾವುದೇ ಹಾಕಿಸಿ, ತಿಂಗಳ ಮೇಲೆ ಫಿಲ್ಟರ್‌ಗೆ ಹೋಗುವ ನೀರು, ಹೊರಗೆ ಬರುವ ನೀರು ಎರಡನ್ನೂ ಒಂದೇ ದಿನ ಹಿಡಿದು ಕಳಿಸಿ. ಬಾಕಿ ದುಡ್ಡು ಕೊಡುವುದನ್ನು ಆ ರಿಪೋರ್ಟ್ ಬರುವವರೆಗೆ ತಡೆಹಿಡಿದರೆ ಇನ್ನೂ ಒಳ್ಳೆಯದು.