ನಡುಗಡಲಿನ ರಾತ್ರಿ: ದೋಣಿಯಲ್ಲಿ ಇಬ್ಬರೇ ಇದ್ದರೆ ನಿದ್ದೆ ಮಾಡುವುದು ಯಾವಾಗ?

ಪ್ರಶ್ನೆ: ಗಂಡ ಹೆಂಡತಿ ಇಬ್ಬರೇ ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟುತ್ತಾರಂತೆ. ರಾತ್ರಿ ಲಂಗರು ಹಾಕಿ ಮಲಗುತ್ತಾರೆಯೇ? ಇಲ್ಲವಾದರೆ ವಾರಗಟ್ಟಲೆ ನಿದ್ದೆಗೆ ಏನು ಮಾಡುತ್ತಾರೆ?

ಉತ್ತರ: ಲಂಗರು ಹಾಕುವ ಮಾತೇ ಇಲ್ಲ. ನಡು ಅಟ್ಲಾಂಟಿಕ್‌ನ ಬಹುಭಾಗ 3,000 ಮೀಟರಿಗಿಂತ ಆಳವಿದೆ. ದೋಣಿಯಲ್ಲಿರುವ ಸರಪಳಿ ಹೆಚ್ಚೆಂದರೆ ನೂರು ಮೀಟರ್. ಹಾಗಾಗಿ ದೋಣಿ ಹಗಲೂ ರಾತ್ರಿ ಓಡುತ್ತಲೇ ಇರುತ್ತದೆ. ಕ್ಯಾನರಿ ದ್ವೀಪಗಳ ಲಾಸ್ ಪಾಲ್ಮಾಸ್‌ನಿಂದ ಕೆರಿಬಿಯನ್‌ನ ಸೇಂಟ್ ಲೂಸಿಯಾಗೆ ಸುಮಾರು 2,700 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಎಂದರೆ 1.85 ಕಿ.ಮೀ.; ಮುಂದೆ ಮೈಲಿ ಎಂದರೆ ಇದೇ). ದಿನಕ್ಕೆ 140 ಮೈಲಿ ಓಡುವ 40 ಅಡಿಯ ದೋಣಿಗೆ ಇದು ಮೂರು ವಾರದ ಹತ್ತಿರದ ದಾರಿ. ವಾಣಿಜ್ಯ ಮಾರುತಗಳು ನೆಲೆಗೊಳ್ಳುವ ನವೆಂಬರ್ ಕೊನೆ, ಡಿಸೆಂಬರ್‌ನಲ್ಲಿ ಹೊರಡುವವರೇ ಹೆಚ್ಚು. ಆಗ ಅಲ್ಲಿ ರಾತ್ರಿ ಹನ್ನೆರಡು ಗಂಟೆಗೂ ಉದ್ದ. ಅಷ್ಟೂ ಹೊತ್ತು ಒಬ್ಬರು ಎಚ್ಚರವಿರಬೇಕು, ಇನ್ನೊಬ್ಬರು ಮಲಗಬೇಕು.

ಚುಕ್ಕಾಣಿ ಹಿಡಿದು ಕೂರುವ ಕೆಲಸವಂತೂ ಇಲ್ಲ. ಆಟೋಪೈಲಟ್ ಇದೆ, ಇಲ್ಲವೇ ದೋಣಿಯ ಹಿಂತುದಿಗೆ ಕಟ್ಟುವ, ಗಾಳಿಯ ಬಲದಿಂದಲೇ ಚುಕ್ಕಾಣಿ ತಿರುಗಿಸುವ ವಿಂಡ್‌ವೇನ್ ಇದೆ. ಆಟೋಪೈಲಟ್ 12 ವೋಲ್ಟ್‌ನಲ್ಲಿ ಸರಾಸರಿ 3–5 ಆಂಪಿಯರ್ ಎಳೆದರೆ ದಿನಕ್ಕೆ 70ರಿಂದ 120 ಆಂಪಿಯರ್-ಅವರ್ ಖರ್ಚು. ಸೋಲಾರ್ ಫಲಕದಿಂದ ಬರುವುದರಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ವಿಂಡ್‌ವೇನ್‌ಗೆ ಕರೆಂಟೇ ಬೇಡ. ಆದರೆ ಅದು ಗಾಳಿಯನ್ನು ನೋಡಿ ನಡೆಸುವುದರಿಂದ, ಗಾಳಿ ದಿಕ್ಕು ಬದಲಿಸಿದರೆ ದೋಣಿಯೂ ಸದ್ದಿಲ್ಲದೆ ದಾರಿ ಬದಲಿಸುತ್ತದೆ. ಇಬ್ಬರೇ ಹೋಗುವವರು ಎರಡನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ಎರಡೂ ಕೈಕೊಟ್ಟರೆ ಕೈಯಲ್ಲೇ ಚುಕ್ಕಾಣಿ ಹಿಡಿಯಬೇಕು. ಆಗ ಮೂರೇ ದಿನಕ್ಕೆ ಇಬ್ಬರೂ ಹೈರಾಣಾಗುತ್ತಾರೆ.

ಹಾಗಾದರೆ ಎಚ್ಚರವಿರುವವರ ಕೆಲಸವೇನು? ಮುಖ್ಯವಾಗಿ ನೋಡುವುದು. 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳ 5ನೇ ನಿಯಮದ ಪ್ರಕಾರ, ಕಣ್ಣು ಕಿವಿ ತೆರೆದು ಸದಾ ಕಾವಲಿರುವುದು ಪ್ರತಿಯೊಂದು ಹಡಗು, ದೋಣಿಯ ಹೊಣೆ. ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ಸುತ್ತ ನೋಡಿದರೆ ಸಾಕು ಎಂಬ ಮಾತು ದೋಣಿಗರಲ್ಲಿ ಬಹಳ ಓಡಾಡುತ್ತದೆ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. 50 ಮೀಟರಿಗಿಂತ ಉದ್ದದ ಹಡಗಿನ ಕೂವೆಮರದ (ಎತ್ತರದ ಕಂಬದ) ದೀಪ ಕನಿಷ್ಠ 6 ಮೈಲಿ ದೂರಕ್ಕೆ ಕಾಣಬೇಕು ಎಂಬುದು ನಿಯಮ. ಹಡಗು 20 ನಾಟ್ (ಗಂಟೆಗೆ 20 ಮೈಲಿ) ವೇಗದಲ್ಲಿ ಎದುರಿನಿಂದ ಬರುತ್ತಿದೆ, ನಿಮ್ಮ ದೋಣಿ 6 ನಾಟ್ ಓಡುತ್ತಿದೆ ಎಂದುಕೊಳ್ಳಿ. ಇಬ್ಬರ ನಡುವಿನ ಅಂತರ ಗಂಟೆಗೆ 26 ಮೈಲಿಯಂತೆ ಕರಗುತ್ತದೆ. ಆರು ಮೈಲಿ ಮುಗಿಯಲು ಹದಿನಾಲ್ಕು ನಿಮಿಷ ಸಾಕು. ಆದ್ದರಿಂದ ಅಲಾರಂ ಹತ್ತು ನಿಮಿಷಕ್ಕೆ ಇರಲಿ, ಮಳೆ ಮಂಜಿದ್ದರೆ ಇನ್ನೂ ಕಡಿಮೆಗೆ.

ಹಡಗುಗಳು ತಾವಿರುವ ಜಾಗ, ವೇಗ, ದಿಕ್ಕನ್ನು ರೇಡಿಯೊದಲ್ಲಿ ತಾವಾಗಿಯೇ ತಿಳಿಸುವ ಎಐಎಸ್ ಇದೆಯಲ್ಲ ಎನ್ನಬಹುದು. ಆಂಟೆನಾ ಕೂವೆಮರದ ತುದಿಯಲ್ಲಿದ್ದರೆ ದೊಡ್ಡ ಹಡಗು 15–20 ಮೈಲಿ ದೂರದಲ್ಲೇ ಪರದೆಗೆ ಬರುತ್ತದೆ. ಎಷ್ಟು ಹತ್ತಿರದಿಂದ, ಎಷ್ಟು ಹೊತ್ತಿಗೆ ಹಾದುಹೋಗುತ್ತದೆ ಎಂಬುದೂ ತಿಳಿಯುತ್ತದೆ. 2 ಮೈಲಿಗಿಂತ ಹತ್ತಿರ ಬರುವುದಾದರೆ ಕೂಗುವಂತೆ ಅಲಾರಂ ಹೊಂದಿಸಿ. ಆದರೆ ಸಣ್ಣ ಮೀನುಗಾರಿಕೆ ದೋಣಿಗಳಲ್ಲಿ ಎಐಎಸ್ ಇರಲೇಬೇಕೆಂದಿಲ್ಲ, ತೇಲುವ ಮರದ ದಿಮ್ಮಿಗೂ ಇಲ್ಲ. ಅದು ಕಣ್ಣಿಗೆ ಸಹಾಯಕ ಅಷ್ಟೆ.

ಪಾಳಿ ಹೀಗೆ ಹಂಚಿಕೊಳ್ಳಬಹುದು: 8ರಿಂದ 11 ಒಬ್ಬರು, 11ರಿಂದ 2 ಇನ್ನೊಬ್ಬರು, 2ರಿಂದ 5 ಮೊದಲಿನವರು, 5ರಿಂದ 8 ಎರಡನೆಯವರು. ಹಗಲಲ್ಲಿ ಇಬ್ಬರಿಗೂ ಎರಡು ಮೂರು ಗಂಟೆ ಮಲಗಲು ಬಿಡುವು. ದಿನದಿನಕ್ಕೆ ಪಾಳಿ ಬದಲಿಸದಿರುವುದು ಮೇಲು. ಹೊತ್ತು ಒಂದೇ ಆದರೆ ಮೈ ಅದಕ್ಕೆ ಒಗ್ಗುತ್ತದೆ. ಮೊದಲ ಮೂರು ದಿನ ಮಾತ್ರ ಕಷ್ಟ. ಕಡಲ ವಾಂತಿ, ಹೊಸ ಸದ್ದು, ಕಣ್ಣು ಮುಚ್ಚಿದರೂ ಬಾರದ ನಿದ್ದೆ ಎಲ್ಲ ಸೇರಿ ಆಗಲೇ ಎಡವಟ್ಟುಗಳಾಗುವುದು. ಈ ದಿನಗಳಿಗೆ ಊಟ ಮುಂಚೆಯೇ ಮಾಡಿಟ್ಟಿರಬೇಕು.

ಮಲಗುವ ಜಾಗ ದೋಣಿಯ ನಡುಭಾಗದಲ್ಲಿರಲಿ, ವಾಲಿದ ಬದಿಗೆ. ಮುಂತುದಿಯ ಕೋಣೆಯ ಹಾಸಿಗೆ ಬಂದರಿನಲ್ಲಿ ಸುಖ, ಅಲೆಯಲ್ಲಿ ಎತ್ತಿ ಎತ್ತಿ ಹಾಕುತ್ತದೆ. ಉರುಳಿ ಬೀಳದಂತೆ ಹಾಸಿಗೆಯ ಅಂಚಿಗೆ ಗಟ್ಟಿ ಬಟ್ಟೆ ಎಳೆದು ಕಟ್ಟಬೇಕು. ಪಾಳಿ ಬದಲಾಗುವ ಹದಿನೈದು ನಿಮಿಷ ಮುಂಚೆ ಎಬ್ಬಿಸಿ, ಒಳಗೆ ಕೆಂಪು ದೀಪ ಮಾತ್ರ ಹಚ್ಚಿ. ಬಿಳಿ ಬೆಳಕು ಬಿದ್ದರೆ ಕಣ್ಣು ಮತ್ತೆ ಕತ್ತಲಿಗೆ ಪೂರ್ತಿ ಹೊಂದಲು ಇಪ್ಪತ್ತು ಮೂವತ್ತು ನಿಮಿಷ ಬೇಕು.

ನಿದ್ದೆ ಕೆಡದಿರಬೇಕಾದರೆ ತಯಾರಿ ಸಂಜೆಯ ಬೆಳಕಿರುವಾಗಲೇ ಆಗಬೇಕು. ಗಾಳಿ ಹಿತವಾಗಿದ್ದರೂ ಕತ್ತಲಾಗುವ ಮುಂಚೆ ದೊಡ್ಡ ಹಾಯಿಯನ್ನು ಒಂದು ಮಡಿಕೆ ಕಿರಿದು ಮಾಡಿ. ಗಂಟೆಗೆ ಅರ್ಧ ಮೈಲಿಯಷ್ಟು ವೇಗ ತಗ್ಗಬಹುದು. ಆದರೆ ರಾತ್ರಿ ಎರಡಕ್ಕೆ ಮಳೆಮೋಡದೊಂದಿಗೆ 30 ನಾಟ್ ಗಾಳಿ ನುಗ್ಗಿದಾಗ ಇನ್ನೊಬ್ಬರನ್ನು ಹಾಸಿಗೆಯಿಂದ ಎಳೆಯಬೇಕಾಗುವುದಿಲ್ಲ. ಹಿಂಗಾಳಿಯಲ್ಲಿ ಬೂಮ್ (ದೊಡ್ಡ ಹಾಯಿಯ ಕೆಳಅಂಚಿನ ಅಡ್ಡ ಕಂಬ) ಆ ಕಡೆಯಿಂದ ಈ ಕಡೆಗೆ ಬೀಸಿ ತಲೆ ಒಡೆಯದಂತೆ, ಅದರ ತುದಿಯಿಂದ ದೋಣಿಯ ಮುಂಭಾಗಕ್ಕೆ ಪ್ರಿವೆಂಟರ್ ಹಗ್ಗ ಬಿಗಿದು, ಕೂತಲ್ಲಿಂದಲೇ ಸಡಿಲಿಸಲು ಬರುವಂತೆ ಹಿಂದಕ್ಕೆ ತಂದು ಕಟ್ಟಿ.

ನೀರಿಗೆ ಬೀಳದಿರುವುದೇ ಇಲ್ಲಿ ಎಲ್ಲಕ್ಕಿಂತ ದೊಡ್ಡ ಮಾತು. 6 ನಾಟ್ ವೇಗದಲ್ಲಿ ದೋಣಿ ನಿಮಿಷಕ್ಕೆ 185 ಮೀಟರ್ ದೂರ ಹೋಗುತ್ತದೆ, ಒಳಗೆ ಮಲಗಿದವರಿಗೆ ಕೂಗು ಕೇಳಿಸುವುದಿಲ್ಲ. ಮೆಟ್ಟಿಲಿನಿಂದ ಹೊರಗೆ ಕಾಲಿಡುವ ಮುಂಚೆಯೇ ಎದೆಗೆ ಕಟ್ಟಿದ ಸುರಕ್ಷಾ ಪಟ್ಟಿಯ ಕೊಕ್ಕೆಯನ್ನು ದೋಣಿಗೆ ಸಿಕ್ಕಿಸಬೇಕು. ಒಬ್ಬರು ಮಲಗಿರುವಾಗ ಇನ್ನೊಬ್ಬರು ದೋಣಿಯ ಮುಂಭಾಗಕ್ಕೆ ಹೋಗಲೇಬಾರದು.

ಈ ನಿಯಮ ಹೆಚ್ಚಾಗಿ ಮುರಿಯುವುದು ಪ್ರೀತಿಯಿಂದ. "ಪಾಪ, ಈಗಷ್ಟೇ ಕಣ್ಣು ಹತ್ತಿದೆ, ನಾನೇ ನೋಡಿಕೊಳ್ಳುತ್ತೇನೆ" ಎಂದು ಒಬ್ಬರೇ ಮುಂದಕ್ಕೆ ತೆವಳುವುದು, ಮೂರು ಗಂಟೆಯ ಪಾಳಿಯನ್ನು ಐದಕ್ಕೆ ಎಳೆಯುವುದು. ಹಾಗೆ ಉಳಿಸಿಕೊಟ್ಟ ನಿದ್ದೆಯ ಬೆಲೆಯನ್ನು ಮರುದಿನ ಇಬ್ಬರೂ ತೆರುತ್ತಾರೆ. ಸಂಶಯ ಬಂದರೆ ಎಬ್ಬಿಸುವುದು, ಎದ್ದವರು ಸಿಡುಕದಿರುವುದು: ಹೊರಡುವ ಮುಂಚೆಯೇ ಇಷ್ಟು ಮಾತಾಡಿಕೊಂಡಿರಬೇಕು. ಇಬ್ಬರೇ ಇದ್ದು ಇದಕ್ಕಿಂತ ಎಷ್ಟೋ ಕಠಿಣ ದಾರಿ ಮುಗಿಸಿದವರಿದ್ದಾರೆ: ನಮ್ಮ ನೌಕಾಪಡೆಯ ಲೆಫ್ಟಿನೆಂಟ್ ಕಮಾಂಡರ್‌ಗಳಾದ ದಿಲ್ನಾ ಮತ್ತು ರೂಪಾ, 56 ಅಡಿಯ ತಾರಿಣಿಯಲ್ಲಿ 2024ರ ಅಕ್ಟೋಬರ್ 2ರಂದು ಗೋವಾದಿಂದ ಹೊರಟು, ಭೂಮಿಯನ್ನು ಸುತ್ತಿ 2025ರ ಮೇ 29ಕ್ಕೆ ಮರಳಿದರು.

ಒಬ್ಬರಿಗೆ ಜ್ವರ ಬಂದರೆ, ಇಬ್ಬರೂ ಪೂರ್ತಿ ಸೋತರೆ? ಆಗ ದೋಣಿಯನ್ನು ಹೀವ್-ಟು ಮಾಡುತ್ತಾರೆ. ಮುಂದಿನ ಸಣ್ಣ ಹಾಯಿಯನ್ನು ಗಾಳಿ ಬರುವ ಬದಿಗೆ ಎಳೆದು ಕಟ್ಟಿ, ಕಿರಿದಾದ ದೊಡ್ಡ ಹಾಯಿಯನ್ನು ಹಾಗೇ ಬಿಟ್ಟು, ದೋಣಿ ಗಾಳಿಯತ್ತ ತಿರುಗಲು ಹವಣಿಸುವಂತೆ ಚುಕ್ಕಾಣಿಯನ್ನು ಬಿಗಿಯುವುದು. ಒಂದು ಹಾಯಿ ದೂಡುವುದನ್ನು ಇನ್ನೊಂದು ತಡೆದು ದೋಣಿ ಗಂಟೆಗೆ ಒಂದೆರಡು ಮೈಲಿಯಷ್ಟು ಮೆಲ್ಲಗೆ ಜಾರುತ್ತದೆ, ಕುಲುಕಾಟವೂ ತಗ್ಗುತ್ತದೆ. ಪ್ರತಿ ದೋಣಿಗೆ ಇದರ ಹದ ಬೇರೆ. ಅದನ್ನು ದಡದ ಹತ್ತಿರ, ಹಗಲಲ್ಲಿ, ಗಾಳಿ ಸಾಧಾರಣವಾಗಿರುವಾಗಲೇ ಕಲಿತಿರಬೇಕು.